ಬುಶ್ಶಿನ ಅಂಚಿನ ಕಪ್ಪು ಚುಕ್ಕೆ

ಬುಶ್ ಚೆಕ್ ಮಾಡುವುದು ನನ್ನ ಕೆಲಸ ಅಂದರೆ ಸಯನ್ನಿನ ನಮ್ಮ ಬಿಲ್ಡಿಂಗಿನ ಹೆಂಗಸರು, ಬುಶ್ ಶರ್ಟಿನ ಕಂಪನಿಯಾ ಅಂತ ಕೇಳುತ್ತಾರೆ. ನಾನೂ ಹೂಂ ಅಂದುಬಿಡುತ್ತೇನೆ, ಯಾರು ವಿವರಿಸುತ್ತಾ ಕೂರುತ್ತಾರೆ! ಇಲ್ಲಿ ಮಾತ್ರ ವಿವರಿಸಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ರಿಕ್ಷಾದ ಎಂಜಿನ್ನಿನೊಳಗೆ ಪಿಸ್ಟನ್ನನ್ನು ಹಿಡಿದ ಪಿನ್ನು ಒಂದು ಕಬ್ಬಿಣದ ಕಣ್ಣಿನಲ್ಲಿ ಸದಾ ಓಲಾಡುತ್ತಿರುತ್ತದೆ. ಆ ಕಣ್ಣು ಸವೆಯದಿರಲಿ ಅಂತ ಅದರೊಳಗೆ ಬಿಗಿಯಾಗಿ ಕೂರಿಸುವ ಪುಟ್ಟ ಬಳೆಯೇ ಬುಶ್. ಹೊರಗೆ ಉಕ್ಕು, ಒಳಗೆ ಕಂಚಿನ ತೆಳ್ಳನೆಯ ಪದರ. ಇದನ್ನು ಕೊಳವೆಯಿಂದ ಕತ್ತರಿಸುವುದಿಲ್ಲ. ಉಕ್ಕು ಕಂಚು ಎರಡೂ ಅಂಟಿಕೊಂಡೇ ಬರುವ ಉದ್ದನೆಯ ಪಟ್ಟಿಯನ್ನು ತುಂಡು ಮಾಡಿ, ಪ್ರೆಸ್ಸಿನಲ್ಲಿ ಮೊದಲು ಅರ್ಧ ಬಾಗಿಸಿ, ಆಮೇಲೆ ಸರಳಿನ ಸುತ್ತ ಪೂರ್ತಿ ಸುತ್ತಿ, ಕೊನೆಗೆ ಅಚ್ಚಿನಲ್ಲಿಟ್ಟು ಅಳತೆಗೆ ಸರಿಯಾಗಿ ಅದುಮುತ್ತಾರೆ. ತುಂಡಿನ ಎರಡು ತುದಿಗಳು ಕೂಡುವಲ್ಲಿ ಒಂದು ಸಣ್ಣ ಗೆರೆ ಉಳಿಯುತ್ತದೆ. ಅದಕ್ಕೆ ನಾವು ಜಾಯಿಂಟ್ ಅನ್ನುತ್ತೇವೆ.

ಬೈಕುಲ್ಲಾದಲ್ಲಿ ಹಳೆಯ ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ ನಮ್ಮ ವರ್ಕ್‌ಶಾಪು. ಒಂದು ಪವರ್ ಪ್ರೆಸ್, ಮೂರು ಲೇಥು, ತೊಳೆಯುವ ಒಂದು ತೊಟ್ಟಿ, ಕಿಟಕಿಯ ಪಕ್ಕ ನನ್ನ ಮೇಜು, ಅಷ್ಟೇ. ಮಾಲೀಕರು ಗುಜರಾತಿ ಸೇಠ್. ಲೇಥಿನಲ್ಲಿರುವವರೆಲ್ಲ ಉತ್ತರದ ಕಡೆಯ ಹುಡುಗರು. ಪ್ರೆಸ್ ನಡೆಸುತ್ತಿದ್ದವರು ಬಾಗಲಕೋಟೆ ಕಡೆಯವರು, ಐವತ್ತು ದಾಟಿದವರು, ಎಲ್ಲರ ಬಾಯಲ್ಲೂ ಕಾಕಾ. ನಾನು ಮಂಡ್ಯ ಕಡೆಯವಳು. ಮೊದಮೊದಲು ಅಣ್ಣ ಅನ್ನುತ್ತಿದ್ದೆ, ಆಮೇಲೆ ನನ್ನ ನಾಲಿಗೆಗೂ ಕಾಕಾ ಅನ್ನುವುದೇ ಒಗ್ಗಿತು. ಅಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ಪ್ರೆಸ್ಸಿನ ಸದ್ದಿನ ನಡುವೆ ಸೇಠ್‌ ಅವರನ್ನು ಅವರೆದುರಿಗೇ ಆಡಿಕೊಂಡು ನಗುವಷ್ಟು ಸಲಿಗೆ ನಮಗಿತ್ತು.

"ಅಕ್ಕಾರ, ನಿಮ್ಮ ಕನ್ನಡ ಕೇಳಿದ್ರ ನಿದ್ದಿ ಬರ್ತೈತಿ ನೋಡ್ರಿ, ಅಷ್ಟು ಮೆತ್ತಗ," ಅನ್ನುತ್ತಿದ್ದರು.

"ನಿಮ್ಮದು ಕೇಳಿದರೆ ಜಗಳಕ್ಕೆ ಬಂದಿರೇನೋ ಅನ್ನಿಸುತ್ತೆ ಕಾಕಾ," ಅನ್ನುತ್ತಿದ್ದೆ ನಾನು.

ಕಳೆದ ಮಳೆಗಾಲಕ್ಕೆ ಮುಂಚೆಯೇ ನಮ್ಮ ಸ್ಥಿತಿ ಕೆಟ್ಟಿತ್ತು. ಬುಶ್ ಕೊಳ್ಳುತ್ತಿದ್ದುದು ಪುಣೆ ಕಡೆಯ ಒಂದೇ ಒಂದು ಕಂಪನಿ. ನಾವು ಅಗ್ಗಕ್ಕೆ ತರುತ್ತಿದ್ದ ಪಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದುಮಿದರೂ ಅಚ್ಚಿನಿಂದ ಹೊರಬರುತ್ತಿದ್ದ ಹಾಗೆ ಜಾಯಿಂಟ್ ಬಾಯಿ ಬಿಡುತ್ತಿತ್ತು. ಮಾಲು ವಾಪಸ್ಸು ಬರುವುದೇ ಆಯಿತು. ಕೊನೆಗೆ ಸೇಠ್ ಹೊರರಾಜ್ಯದ ಒಳ್ಳೆಯ ಕಾರ್ಖಾನೆಯೊಂದರಿಂದ ಪಟ್ಟಿಯ ದೊಡ್ಡ ಸುರುಳಿಯೊಂದನ್ನು ತರಿಸಿದರು. ತರಿಸಿದ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಯೇ ಆಖ್ರೀ ಹೈ. ಇದೂ ವಾಪಸ್ ಬಂದರೆ ಪ್ರೆಸ್ ಮಾರಿಬಿಡ್ತೀನಿ."

ಪ್ರೆಸ್ ಮಾರುವುದು ಅಂದರೆ ಕಾಕಾನನ್ನು ಮನೆಗೆ ಕಳಿಸುವುದು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಕಾಕಾನೇ ಹೇಳಿದರು.

"ಲೇಥಿನ ಹುಡುಗರಿಗೇನ್ರಿ, ನಾಳೆ ಎಲ್ಲಿ ಬೇಕಾದ್ರೂ ನಿಂದ್ರತಾರ. ಪ್ರೆಸ್ ಒತ್ತಾವನ್ನ ಈಗ ಯಾರ ಕರೀತಾರ? ಎಲ್ಲಾ ಕಡೆ ಮಷೀನ ತಾನ ಒತ್ಕೊಂಡು ತಾನ ಎಣಿಸ್ಕೊಂತೈತಿ. ಈ ವಯಸ್ಸಿನಾಗ ನಾ ಮಾರ್ಕೆಟ್‌ನ್ಯಾಗ ಮೂಟಿ ಹೊರಾಕ ಹೋಗ್ಲೇನು?"

"ಸುಮ್ಮನಿರಿ ಕಾಕಾ, ಅಪಶಕುನ ನುಡೀಬೇಡಿ," ಅಂದೆ. ಅವರ ಹೆಂಡತಿ ಬೈಕುಲ್ಲಾ ತರಕಾರಿ ಮಾರ್ಕೆಟ್ಟಿನಲ್ಲಿ ಸೊಪ್ಪು ಬಿಡಿಸಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಅದರ ಮೇಲೆ ಮನೆ ನಡೆಯುವ ಹಾಗಿರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ನಮ್ಮಲ್ಲಿ ಹೊಸ ಮಾಲು ಬಂದರೆ ಪೂಜೆ ಮಾಡದೆ ಮುಟ್ಟುವುದಿಲ್ಲ. ಆ ಗಲ್ಲಿಯಲ್ಲಿ ಎಲ್ಲರೂ ಹಾಗೇ. ಪೂಜೆ ಮಾಡುವುದು ಯಾವಾಗಲೂ ಕಾಕಾ. ಸುರುಳಿಯನ್ನು ಮರದ ಹಲಗೆಯ ಮೇಲೆ ಚಕ್ಕುಲಿಯ ಹಾಗೆ ಅಡ್ಡಲಾಗಿ ಮಲಗಿಸಿ, ಮೇಲಿನ ಎಣ್ಣೆ ಕಾಗದ ಹರಿದು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಇಟ್ಟರು. ಸೇಠ್ ತಾವೇ ತೆಂಗಿನಕಾಯಿ ತರಿಸಿಕೊಟ್ಟರು. ಕಾಕಾ ಅದನ್ನು ಬಾಗಿಲ ಕಲ್ಲಿಗೆ ಒಡೆದು, ಎರಡೂ ಹೋಳಿನ ನೀರನ್ನು ಸುರುಳಿಯ ಮೇಲೆ, ಹೊರಗಿನಿಂದ ಒಳಗಿನವರೆಗೆ ಕೈ ಎಳೆಯುತ್ತಾ, ಅಭಿಷೇಕದ ಹಾಗೆ ಸುರಿದರು. ಒಬ್ಬರೇ ಕಣ್ಣು ಮುಚ್ಚಿ ಏನೋ ಬೇಡಿಕೊಂಡರು. ಆಮೇಲೆ ಬಟ್ಟೆಯಿಂದ ಒರೆಸಿ, ಎಲ್ಲರಿಗೂ ಕೊಬ್ಬರಿ ಸಕ್ಕರೆ ಹಂಚಿದರು. ನಾನೂ ಎರಡು ಸಲ ಕೈಚಾಚಿ ಈಸಿಕೊಂಡು ತಿಂದೆ.

ಅದೇ ವಾರ ಪ್ರೆಸ್ಸಿನ ಕ್ಲಚ್ಚನ್ನು ಹಿಡಿದಿಡುವ ಉಕ್ಕಿನ ಕೀಲಿ ಮುರಿಯಿತು. ಹಳೆಯ ಮಷೀನು, ಅಂಗಡಿಯಲ್ಲಿ ಸಿಗುವ ಮಾಲಲ್ಲ. ಹೊಸದಾಗಿ ಮಾಡಿಸಿ, ಗಟ್ಟಿಯಾಗಲು ಕಾಯಿಸಿ ಅದ್ದಿ, ಕೂರಿಸಿ ನೋಡಿ, ಸರಿಹೋಗದೆ ಮತ್ತೆ ಮಾಡಿಸಬೇಕಾಯಿತು. ಅಷ್ಟು ದಿನವೂ ಸುರುಳಿ ಹಲಗೆಯ ಮೇಲೆ ಪ್ಲಾಸ್ಟಿಕ್ ಹೊದ್ದುಕೊಂಡು ಮಲಗಿತ್ತು. ಹೊರಗೆ ಜುಲೈ ತಿಂಗಳ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಹಳಿಯ ಮೇಲೆ ನೀರು ನಿಂತು ನನ್ನ ಲೋಕಲ್ ಪರೇಲಿನಲ್ಲೋ ಕರೀ ರೋಡಿನಲ್ಲೋ ನಿಂತುಬಿಡುವುದು, ನಾನು ಸೀರೆ ಮೊಣಕಾಲಿಗೆ ಎತ್ತಿಕೊಂಡು ನಡೆದು ಬರುವುದು, ಬಂದು ಕ್ಲಚ್ಚಿನ ಮುಂದೆ ಕೂತ ಕಾಕಾನ ಮುಖ ನೋಡುವುದು, ಇದೇ ನಮ್ಮ ದಿನಚರಿಯಾಗಿತ್ತು.

ಪ್ರೆಸ್ ಕೊನೆಗೂ ಓಡಿತು. ಮೊದಲ ಬುಶ್‌ಗಳು ಕೈಗೆ ಬಂದಾಗ ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಜಾಯಿಂಟ್ ಕೂದಲೆಳೆ ತೂರದಷ್ಟು ಬಿಗಿ. ಅಳತೆಯ ಉಂಗುರದೊಳಗೆ ಬೆರಳಲ್ಲಿ ಒತ್ತಿದರೆ ನಯವಾಗಿ ಕೂರುತ್ತಿತ್ತು. ಒಂದನ್ನು ಸುತ್ತಿಗೆಯಿಂದ ಬಡಿದು ಬಿಚ್ಚಿ ಚಪ್ಪಟೆ ಮಾಡಿ ನೋಡಿದೆ, ಕಂಚಿನ ಪದರ ಎಲ್ಲೂ ಎದ್ದಿರಲಿಲ್ಲ.

"ಹೆಂಗ ಬಂದಾವ್ರಿ ಅಕ್ಕಾರ?"

"ಮುತ್ತು ಕಾಕಾ, ಮುತ್ತು!"

ಮಾಲು ಪುಣೆಗೆ ಹೋಯಿತು, ಹೋದಷ್ಟೇ ಬೇಗ ತಿರುಗಿ ಬಂತು. ಕೆಲವು ಬುಶ್‌ಗಳ ಒಳಗೆ, ಅಂಚಿನ ಹತ್ತಿರ, ಎಳ್ಳಿನಷ್ಟು ದೊಡ್ಡ ಕಪ್ಪು ಚುಕ್ಕೆ. ನಾನು ಪ್ರತಿ ಟ್ರೇಯಿಂದ ಕೆಲವನ್ನು ಎತ್ತಿ ನೋಡುತ್ತೇನೆ, ಎಲ್ಲವನ್ನೂ ಅಲ್ಲ. ಚುಕ್ಕೆ ಇದ್ದವು ಕಡಿಮೆ, ನನ್ನ ಕೈಗೆ ಸಿಕ್ಕಿರಲಿಲ್ಲ. ವಾಪಸ್ಸು ಬಂದದ್ದರ ಮೇಲೆ ಉಗುರಿನಿಂದ ಕೆರೆದೆ. ಚುಕ್ಕೆಯ ಜಾಗದಲ್ಲಿ ಕಂಚು ಹೊಪ್ಪಳೆಯಾಗಿ ಎದ್ದು ಬಂತು. ಎಂಜಿನ್ನಿನೊಳಗೆ ಹೀಗೆ ಎದ್ದರೆ ಪಿನ್ನು ಕಚ್ಚಿಕೊಳ್ಳುತ್ತದೆ, ನಡುರಸ್ತೆಯಲ್ಲಿ ರಿಕ್ಷಾ ನಿಲ್ಲುತ್ತದೆ. ಕಂಪನಿಯವರು ಇನ್ನೊಂದೇ ಅವಕಾಶ ಕೊಟ್ಟರು. ಕಾರಣ ಹುಡುಕಿ ತೋರಿಸಿ, ಇಲ್ಲವಾದರೆ ಬೇಡ ಅಂದರು.

ಮೊದಲು ಪ್ರೆಸ್ಸಿಗೆ ಹಾಕುವ ಎಣ್ಣೆ ಹುಳಿಯಾಗಿದೆ ಅಂದುಕೊಂಡೆ. ಹಳೆಯದನ್ನೆಲ್ಲ ಚೆಲ್ಲಿ ಹೊಸದು ಹಾಕಿಸಿದೆ. ಸಾಲಾಗಿ ಒಳ್ಳೆಯ ಬುಶ್‌ಗಳು ಬಂದವು. ಅಬ್ಬಾ, ಗೆದ್ದೆವು ಅಂದುಕೊಳ್ಳುವಾಗ ಮತ್ತೆ ಒಂದು ಚುಕ್ಕೆ. ತೊಳೆಯುವ ತೊಟ್ಟಿಯ ಸೀಮೆಎಣ್ಣೆ ಬದಲಾಯಿಸಿದೆ. ಮತ್ತೆ ಒಂದಷ್ಟು ಒಳ್ಳೆಯವು, ಮತ್ತೆ ಚುಕ್ಕೆ. ಟ್ರೇಗೆ ಹಾಸುತ್ತಿದ್ದ ಗೋಣಿ ತೆಗೆಸಿದೆ, ಮಾಳಿಗೆಯಿಂದ ಎಲ್ಲಾದರೂ ಹನಿ ಬೀಳುತ್ತಿದೆಯಾ ಅಂತ ಏಣಿ ಹತ್ತಿ ನೋಡಿದೆ. ಪ್ರತಿಸಲ ಆಸೆ ಹುಟ್ಟಿಸಿ, ಬೆನ್ನ ಹಿಂದೆಯೇ ಬಂದು ಮುಖಕ್ಕೆ ಬಾರಿಸಿದ ಹಾಗೆ ಆ ಚುಕ್ಕೆ ಬರುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಲೇಥಿನ ಹುಡುಗರ ಮೇಲೆ ಕಾರಣವಿಲ್ಲದೆ ಹರಿಹಾಯ್ದೆ, ಮನೆಯಲ್ಲಿ ಗಂಡನ ಮೇಲೂ. ಅನ್ನ ಕಲಸಿಕೊಂಡರೆ ತಟ್ಟೆಯಲ್ಲಿ ಸಾಸಿವೆ ಕಾಳು ಕಂಡರೂ ಉಗುರಿನಿಂದ ಕೆರೆದು ನೋಡುತ್ತಿದ್ದೆ.

ಯಾರೋ ಹುಡುಗ, ಕೈ ಬೆವರಿನಿಂದ ಹೀಗಾಗುತ್ತದೆ ಅಂದ. ಪಟ್ಟಿಯ ತುಂಡುಗಳನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದುದು ಕಾಕಾ ಒಬ್ಬರೇ. ಅವತ್ತಿನಿಂದ ಅವರು ಮಾತುಮಾತಿಗೆ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆಯಲು ಶುರುಮಾಡಿದರು. ಕೈಚೀಲದಿಂದ ಉಣ್ಣೆಯ ಗ್ಲೌಸ್ ಕೂಡ ತೆಗೆದರು.

"ಕಾಕಾ, ಅದನ್ನ ಹಾಕ್ಕೊಂಡು ಪ್ರೆಸ್ ಮುಟ್ಟಿದರೆ ನಾನು ಸುಮ್ಮನಿರೋಲ್ಲ. ಬಟ್ಟೆ ಸಿಕ್ಕಿಕೊಂಡು ಬೆರಳು ಹೋದರೆ?" ಅಂದೆ.

"ಬೆರಳ ಹೋದ್ರ ಹೋಗ್ಲಿ ಬಿಡ್ರಿ. ನನ್ನ ಕೈಯಿಂದ ಹಿಂಗ ಆಗಾಕತ್ತೈತಿ ಅಂದ್ರ ಈ ಕೈ ಇದ್ದು ಏನ್ ಮಾಡೂದೈತಿ?"

ಗ್ಲೌಸ್ ಕಿತ್ತುಕೊಂಡು ನನ್ನ ಮೇಜಿನ ಡ್ರಾಯರಿಗೆ ಹಾಕಿದೆ. ಅವರು ಹೋಗಿ ಪ್ರೆಸ್ಸಿನ ಮುಂದೆ ನಿಂತರು. ಅವರ ಅಂಗೈ ಸೋಪಿನಿಂದ ಬೆಳ್ಳಗಾಗಿ ಒಡೆದಿತ್ತು.

ಅವತ್ತು ಸಂಜೆ ಮಾಟುಂಗದಲ್ಲಿ ಇಳಿದು ಕಾಫಿ ಕುಡಿಯುತ್ತಾ ಕೂತಾಗ ನನಗೆ ನನ್ನ ಮೇಲೆಯೇ ರೇಗಿತು. ಇಷ್ಟು ದಿನ ಬುಶ್‌ಗಳನ್ನು ಒಂದು ಡಬ್ಬಕ್ಕೆ ಸುರಿದು, ಅದರೊಳಗೆ ಚುಕ್ಕೆ ಹುಡುಕುತ್ತಿದ್ದೆವು. ಯಾವುದು ಮೊದಲು ಹುಟ್ಟಿತು, ಯಾವುದು ಆಮೇಲೆ ಅಂತ ಯಾರಿಗೆ ಗೊತ್ತು? ಮರುದಿನ ಹೋದವಳೇ ನೆಲದ ಮೇಲೆ ಹಳೆಯ ಪ್ಲಾಸ್ಟಿಕ್ ಹಾಸಿಸಿದೆ. ಪ್ರೆಸ್ಸಿನಿಂದ ಬಿದ್ದ ಒಂದೊಂದನ್ನೂ ಬಿದ್ದ ಕ್ರಮದಲ್ಲೇ ಸಾಲಾಗಿ ಇಡುತ್ತಾ ಹೋದೆ. ಸೇಠ್ ಬಂದು, ಇದೇನು ರಂಗೋಲಿ ಹಾಕ್ತಾ ಇದೀರಾ ಅಂದರು. ಹೂಂ, ರಂಗೋಲಿಯೇ ಅಂದೆ.

ಮಧ್ಯಾಹ್ನದ ಹೊತ್ತಿಗೆ ಸಾಲು ಬಾಗಿಲವರೆಗೆ ಹೋಗಿತ್ತು. ಕೂತು ಎಣಿಸಿದೆ. ಒಂದು ಚುಕ್ಕೆಗೂ ಇನ್ನೊಂದಕ್ಕೂ ನಡುವೆ ಸುಮಾರು ನಲವತ್ತು ಬುಶ್. ಮುಂದೆ ಹೋದಂತೆ ಅದಕ್ಕಿಂತ ಒಂದೆರಡು ಕಡಿಮೆ. ಇನ್ನೂ ಮುಂದೆ ಮತ್ತೂ ಕಡಿಮೆ. ಅಚ್ಚಿನ ತಪ್ಪಾಗಿದ್ದರೆ ಪ್ರತಿ ಬುಶ್ಶಿನಲ್ಲೂ ಬರಬೇಕು. ಪಟ್ಟಿಯನ್ನು ನೇರ ಮಾಡುವ ರೋಲರಿನದ್ದಾಗಿದ್ದರೆ ಅಂತರ ಯಾವಾಗಲೂ ಒಂದೇ ಇರಬೇಕು. ಅಂತರ ಕಿರಿದಾಗುತ್ತಾ ಬರುತ್ತಿದೆ ಅಂದರೆ ಅದು ಸುರುಳಿಯದೇ ಕಾಯಿಲೆ. ಬಿಚ್ಚುತ್ತಾ ಹೋದಂತೆ ಸುರುಳಿಯ ಸುತ್ತು ಚಿಕ್ಕದಾಗುತ್ತದಲ್ಲ! ಒಂದು ಸುತ್ತಿಗೆ ಒಂದು ಚುಕ್ಕೆ.

ಎದ್ದು ಓಡಿ ಸುರುಳಿಯ ಪಕ್ಕಕ್ಕೆ ಟಾರ್ಚ್ ಹಿಡಿದೆ. ನೂರಾರು ಸುತ್ತುಗಳ ಅಂಚು ಒತ್ತೊತ್ತಾಗಿ ಕೂತಿದ್ದ ಆ ಮೈಮೇಲೆ, ಹೊರಗಿನಿಂದ ಒಳಗಿನವರೆಗೆ ಬೆರಳಗಲದ ಕಂದು ಗೆರೆಯೊಂದು ನೇರವಾಗಿ ಎಳೆದಂತಿತ್ತು. ನೀರು! ಎಲ್ಲೋ ನೀರು ಬಿದ್ದು, ಸುತ್ತುಗಳ ಸಂದಿಗೆ ಇಳಿದು, ಒಳಗೇ ಕೂತು ತಿಂದಿದೆ.

"ಕಾಕಾ, ನಿಮ್ಮ ಕೈದಲ್ಲ! ಮಾಲೇ ಹಾಳಾಗಿ ಬಂದಿದೆ!" ಅಂತ ಕೂಗಿದೆ. ಸೇಠ್ ಬಂದು ನೋಡಿ, ಅಲ್ಲೇ ನಿಂತು ಪಟ್ಟಿಯ ಕಾರ್ಖಾನೆಗೆ ಫೋನ್ ಹಚ್ಚಿದರು. ಅಷ್ಟು ದಿನದ ಮೇಲೆ ಮೊದಲ ಸಲ ಅವರ ಮುಖದಲ್ಲಿ ನಗು ಕಂಡಿತು. ಕಾಕಾ ಮಾತ್ರ ನಗಲಿಲ್ಲ. ಟಾರ್ಚ್ ಈಸಿಕೊಂಡು ಆ ಗೆರೆಯನ್ನೇ ಬಹಳ ಹೊತ್ತು ನೋಡುತ್ತಾ ಕುಕ್ಕರುಗಾಲಲ್ಲಿ ಕೂತಿದ್ದರು. ಖುಷಿಗೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ.

ಕಾರ್ಖಾನೆಯಿಂದ ಒಬ್ಬ ಅಧಿಕಾರಿ ಬಂದರು. ಮೆತ್ತನೆಯ ಮನುಷ್ಯ. ಭೂತಗನ್ನಡಿ ಇಟ್ಟು ಗೆರೆ ನೋಡಿದರು, ನನ್ನ ಬುಶ್‌ಗಳ ಸಾಲು ನೋಡಿದರು. ನೀರೇ ಹೌದು, ನಮ್ಮಲ್ಲಿ ಕಟ್ಟುವಾಗ ತಾಗಿರಬೇಕು ಇಲ್ಲವೇ ಲಾರಿಯಲ್ಲಿ, ಅಂತ ಹಿಂದಿಯಲ್ಲಿ ಒಪ್ಪಿಕೊಂಡರು. ಬದಲಿ ಸುರುಳಿ ಕೊಡುತ್ತೇವೆ, ಪುಣೆಯವರಿಗೂ ನಾವೇ ಹೇಳುತ್ತೇವೆ ಅಂದರು. ಸೇಠ್ ಚಹಾ ತರಿಸಿದರು. ಚಹಾ ಹಿಡಿದುಕೊಂಡು ಅಧಿಕಾರಿ ಇನ್ನೊಂದು ಮಾತು ಸೇರಿಸಿದರು. ಈ ಸುರುಳಿ ಕಟ್ಟಿದವನು ನಮ್ಮಲ್ಲಿ ಹಳೆಯ ಆಳು, ನಿಮ್ಮ ಫೋನ್ ಬಂದ ದಿನವೇ ಅವನನ್ನು ಕೆಲಸದಿಂದ ನಿಲ್ಲಿಸಿದ್ದೇವೆ, ನಾನು ಮಾಡಿಲ್ಲ ಅಂತ ಅಳುತ್ತಾನೆ, ಏನು ಮಾಡೋಣ ಹೇಳಿ.

ಆಗ ಕಾಕಾ ಪ್ರೆಸ್ಸಿನ ಹತ್ತಿರದಿಂದ ನನ್ನ ಕಡೆ ಬಂದರು. ಹಿಂದಿ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಎಲ್ಲರ ಎದುರಿಗೆ ನಿಂತು, ನನ್ನೊಬ್ಬಳ ಮುಖ ನೋಡುತ್ತಾ, ಕನ್ನಡದಲ್ಲಿ ಕೇಳಿದರು.

"ಅಕ್ಕಾರ, ಕಾಯಿ ನೀರು ಹಿಂಗ ಸುಡತೈತೇನ್ರಿ ಕಬ್ಬಣಾನ?"

ಬಾಗಿಲ ಕಲ್ಲು, ಎರಡು ಹೋಳು, ಸುರುಳಿಯ ಹೊರಗಿನಿಂದ ಒಳಗಿನವರೆಗೆ ಎಳೆದುಕೊಂಡು ಹೋದ ಅವರ ಕೈ, ಎಲ್ಲ ಕಣ್ಣೆದುರಿಗೆ ಬಂತು. ಹಿಂದಿನ ಸುರುಳಿಗಳಿಗೂ ಹೀಗೇ ಪೂಜೆಯಾಗಿತ್ತು. ಅವು ಮಾರನೆಯ ದಿನವೇ ಪ್ರೆಸ್ಸಿಗೆ ಏರಿ ಮುಗಿದುಹೋಗುತ್ತಿದ್ದವು, ಇದು ಮಾತ್ರ ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು ವಾರಗಟ್ಟಲೆ ಮಲಗಿತ್ತು. ಹುಳಿಯಿರುವ ನೀರು, ಅರಿಶಿನ ಕುಂಕುಮ ಬೇರೆ. ಕಾರ್ಖಾನೆಯಿಂದ ಬಂದಾಗ ಆ ಗೆರೆ ಇರಲಿಲ್ಲ.

"ಕ್ಯಾ ಬೋಲ್ತಾ ಹೈ ಯೇ?" ಅಂದರು ಸೇಠ್. ಅಧಿಕಾರಿಯೂ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು.

ಏನಿಲ್ಲ, ನನಗೂ ಚಹಾ ಇದೆಯಾ ಅಂತ ಕೇಳುತ್ತಿದ್ದಾರೆ ಅನ್ನಬಹುದಿತ್ತು. ಅಷ್ಟು ಹೇಳಿದ್ದರೆ ಹೊಸ ಸುರುಳಿ ಬರುತ್ತಿತ್ತು, ಪ್ರೆಸ್ ಉಳಿಯುತ್ತಿತ್ತು, ಕಾಕಾ ಉಳಿಯುತ್ತಿದ್ದರು. ಬಾಯಿಯ ತನಕ ಬಂದಿತ್ತು. ಆದರೆ ಅಲ್ಲೆಲ್ಲೋ ಒಬ್ಬ ಮಾಡದ ತಪ್ಪಿಗೆ ಮನೆಯಲ್ಲಿ ಕೂತು ಅಳುತ್ತಿದ್ದಾನೆ ಅಂತ ಈಗಷ್ಟೇ ಕೇಳಿದ್ದೆ. ಕಾಕಾನೂ ಅದನ್ನು ಕೇಳಿಯೇ ಬಂದಿದ್ದಾರೆ, ಹೇಳಿಬಿಡಿ ಅಂತಲೇ ಬಂದಿದ್ದಾರೆ ಅಂದುಕೊಂಡೆ. ಸೇಠ್ ತಾವೇ ಕಾಯಿ ತರಿಸಿದವರು, ತಪ್ಪನ್ನು ಒಬ್ಬರ ತಲೆಗೆ ಕಟ್ಟುವುದಿಲ್ಲ ಅಂತಲೂ ಅಂದುಕೊಂಡೆ. ಇದ್ದದ್ದು ಇದ್ದ ಹಾಗೆ ಹಿಂದಿಯಲ್ಲಿ ಹೇಳಿದೆ.

ಸೇಠ್ ಕಾಕಾನ ಕಡೆ ತಿರುಗಿ, "ತೂನೇ ಡಾಲಾ ಥಾ ಪಾನೀ? ನೀರು ಸುರಿದದ್ದು ನೀನೇನಾ?" ಅಂದರು. ಕಾಯಿ ತರಿಸಿದ್ದು ಯಾರು ಅನ್ನುವ ಮಾತು ಅವರ ಬಾಯಿಂದ ಬರಲೇ ಇಲ್ಲ. ನಾನು ಹೇಳಲು ಹೋದರೆ ಕೈಯಡ್ಡ ಮಾಡಿದರು. ಕಾಕಾ ಹೌದು ಅಂತ ತಲೆಯಾಡಿಸಿದರು. ಅಧಿಕಾರಿ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲಲ್ಲಿ ನಿಂತು ಫೋನ್ ಮಾಡಿ, ಸುರುಳಿ ಕಟ್ಟಿದವನನ್ನು ನಾಳೆಯಿಂದ ಕೆಲಸಕ್ಕೆ ಕರೆಯಿರಿ ಅಂದದ್ದು ನನಗೆ ಕೇಳಿಸಿತು. ಅವತ್ತು ಕಿವಿಗೆ ಬಿದ್ದ ಒಳ್ಳೆಯ ಮಾತು ಅದೊಂದೇ.

ಹಾಗಂತ ನಾನು ಕೈಕಟ್ಟಿ ಕೂರಲಿಲ್ಲ. ಪ್ರತಿ ಸುತ್ತಿನಲ್ಲೂ ಗೆರೆಯ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಆ ತುಂಡನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಮಾತ್ರ ಪ್ರೆಸ್ಸಿಗೆ ಕೊಡುವುದು ಅಂತ ಗೊತ್ತುಮಾಡಿದೆ. ಗುರುತು ಹಾಕುವುದು ಕಾಕಾ, ಒಂದೊಂದು ಬುಶ್ಶನ್ನೂ ನೋಡುವುದು ನಾನು. ಹಾಗೆ ಮಾಡಿದ ಮಾಲಿನಲ್ಲಿ ಒಂದು ಚುಕ್ಕೆಯೂ ಬರಲಿಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಒಳ್ಳೆಯ ಬುಶ್ ನಾನು ಕಂಡಿಲ್ಲ. ಪುಣೆಯವರಿಗೆ ಕಾರಣ ತಿಳಿಸಲೇಬೇಕಿತ್ತು, ತಿಳಿಸಿದೆವು. ಒಮ್ಮೆ ನೀರು ಕುಡಿದ ಸುರುಳಿಯ ಒಂದು ತುಂಡೂ ನಮಗೆ ಬೇಡ ಅಂದರು. ಕೆಲಸವನ್ನೂ ಬೇರೆಯವರಿಗೆ ಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ, ಹೊಟ್ಟೆ ಉರಿಯುವುದು ಅದಕ್ಕೇ.

ಸೇಠ್ ಮಾತು ಉಳಿಸಿಕೊಂಡರು. ಗಣಪತಿ ಹಬ್ಬಕ್ಕೆ ಮುಂಚೆಯೇ ಪ್ರೆಸ್ಸನ್ನು ಗುಜರಿಯವರು ಗ್ಯಾಸಿನಿಂದ ತುಂಡು ಮಾಡಿ ಕೈಗಾಡಿಯಲ್ಲಿ ಎಳೆದುಕೊಂಡು ಹೋದರು. ನಾನು ಕುರ್ಲಾ, ಭಾಂಡುಪ್ ಅಂತ ಗೊತ್ತಿದ್ದ ಕಡೆಯೆಲ್ಲ ಕಾಕಾನಿಗಾಗಿ ಕೇಳಿದೆ. ವಯಸ್ಸು ಎಷ್ಟು ಅಂತ ಕೇಳುತ್ತಿದ್ದರು, ಹೇಳಿದ ಮೇಲೆ ನೋಡೋಣ ಅನ್ನುತ್ತಿದ್ದರು.

ನಾನು ಹೇಳಿದ್ದು ಸರಿ ಅಂತ ಯಾರ ಎದುರಿಗೆ ಬೇಕಾದರೂ ವಾದ ಮಾಡಬಲ್ಲೆ. ಕಾಕಾ ವಾದಕ್ಕೆ ಬರಲಿಲ್ಲ. ಕೊನೆಯ ದಿನ ಊಟದ ಡಬ್ಬಿ, ಒಂದು ಟವೆಲ್ಲು ಚೀಲಕ್ಕೆ ಹಾಕಿಕೊಂಡು ಹೊರಟವರನ್ನು ಗಲ್ಲಿಯ ತುದಿಯವರೆಗೆ ಬಿಡಲು ಹೋದೆ. ಅಧಿಕಾರಿ ಬಂದುಹೋದ ದಿನದಿಂದ ನಾವಿಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ.

"ನನ್ನ ಮೇಲೆ ಸಿಟ್ಟಾ ಕಾಕಾ?" ಅಂದೆ.

"ಸಿಟ್ಟ ಯಾಕ್ರಿ. ಆ ಕಟ್ಟಾವ ಪಾಪ ಏನ್ ಮಾಡಿದ್ದ." ಸ್ವಲ್ಪ ದೂರ ನಡೆದು ನಿಂತರು. "ಆದ್ರ ಅಕ್ಕಾರ, ನಾ ಕೇಳಿದ್ದು ನಿಮ್ಮನ್ನ. ಮೊದಲ ನಾ ತಿಳ್ಕೊಂಡು, ಆಮೇಲೆ ನಾನ ಅವರಿಗೆ ಹೇಳ್ಬೇಕಂತ ಕನ್ನಡದಾಗ ಕೇಳಿದ್ದೆ. ನೀವು ಅವರಿಗೆ ಹೇಳಿದ್ರಿ. ನನಗ ಇನ್ನೂ ಹೇಳಿಲ್ಲ."

ಜನ ನಮ್ಮನ್ನು ತಳ್ಳಿಕೊಂಡು ಸ್ಟೇಷನ್ನಿನ ಕಡೆ ಹೋಗುತ್ತಿದ್ದರು.

"ಸುಡುತ್ತೆ ಕಾಕಾ," ಅಂದೆ.

"ಹೌದಲ್ರಿ," ಅಂದರು. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಮಾರ್ಕೆಟ್ಟಿನ ಕಡೆ ತಿರುಗಿ ನಡೆದರು.